ತೆಂಗಿನ ಮರದಿಂದ ಬಿದ್ದ ಅಳಿಲು ಮರಿ: ಮೊದಲು ಶಾಖ, ಆಮೇಲೆ ನೀರು, ಕೊನೆಗೆ ಹಾಲು

ಮೇ ಕೊನೆಯ ವಾರ ಬಂತೆಂದರೆ ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಒಂದೇ ಗಡಿಬಿಡಿ. ಮಳೆ ಹಿಡಿಯುವ ಮುಂಚೆ ತೆಂಗಿನ ಮರದ ಒಣ ಮಡಲು ಇಳಿಸಬೇಕು, ಮಾಡಿನ ಹಂಚು ಕೈಯಾಡಿಸಬೇಕು, ವಿದ್ಯುತ್ ತಂತಿಗೆ ತಾಗುವ ಗೆಲ್ಲು ಕಡಿಯಬೇಕು. ಅಳಿಲು ಗೂಡು ಕಟ್ಟುವುದೂ ಇವೇ ಜಾಗಗಳಲ್ಲಿ. ತೆಂಗಿನ ಮಂಡೆಯಲ್ಲಿ ಮಡಲುಗಳ ಸಂದು, ಹಂಚಿನಡಿಯ ಪಕ್ಕಾಸಿನ ಮೂಲೆ, ಈಗೀಗ ಎಸಿಯ ಹೊರಪೆಟ್ಟಿಗೆಯ ಹಿಂಬದಿ. ಮಡಲು ಧೊಪ್ಪೆಂದು ಬಿದ್ದಾಗ ಅದರ ಜೊತೆ ತೆಂಗಿನ ನಾರು, ಹತ್ತಿ, ಹಳೆ ಬಟ್ಟೆಯ ಚಿಂದಿ ಸೇರಿದ ಒಂದು ಉಂಡೆಯೂ ಬೀಳುತ್ತದೆ. ಅದರೊಳಗಿನಿಂದ ತೆಳ್ಳಗೆ ಚೀಂ ಚೀಂ ಸದ್ದು.

ಮುಂದೆ ನಡೆಯುವುದು ಹೆಚ್ಚಾಗಿ ಹೀಗೆ. ಒಬ್ಬರು ಹತ್ತಿ ತರುತ್ತಾರೆ, ಇನ್ನೊಬ್ಬರು ಫ್ರಿಜ್ಜಿನ ಹಾಲನ್ನು ಬತ್ತಿಗೆ ಅದ್ದಿ ಬಾಯಿಗಿಡುತ್ತಾರೆ. ಮರಿ ಚೀಪುತ್ತದೆ, ಎಲ್ಲರಿಗೂ ಸಮಾಧಾನ. ಮಾರನೇ ದಿನವೋ ಮೂರನೇ ದಿನವೋ ಅದು ಸಾಯುತ್ತದೆ. ಹಾಲು ಕುಡಿಸಿದರೂ ಉಳಿಯಲಿಲ್ಲ ಎಂದು ಮನೆಯವರು ನೊಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಉಳಿಯದಿರುವುದಕ್ಕೆ ಆ ಹಾಲೇ ಕಾರಣ. ಹಸಿದ ಮರಿ ಕೆಲವು ಗಂಟೆ ತಡೆಯುತ್ತದೆ. ತಣ್ಣಗಿನ ಮೈಗೆ ಬಿದ್ದ ಹಾಲನ್ನೂ ಶ್ವಾಸಕೋಶಕ್ಕೆ ಹೋದ ಹಾಲನ್ನೂ ತಡೆಯುವುದಿಲ್ಲ. ಹಾಗಾಗಿ ಕೆಲಸದ ಅನುಕ್ರಮ ಮುಖ್ಯ. ತಾಯಿಗೆ ಮರಳಿಸಲು ನೋಡುವುದು, ಅದಾಗದಿದ್ದರೆ ಶಾಖ, ಆಮೇಲೆ ನೀರು, ಕಡೆಗೆ ಹಾಲು.

ಕೈಯಲ್ಲಿರುವುದು ಯಾರ ಮರಿ, ಎಷ್ಟು ದಿನದ್ದು?

ತುಳುವಿನಲ್ಲಿ ಚಣಿಲ್, ಕೊಂಕಣಿಯಲ್ಲಿ ಚಾನಿ ಎನ್ನುವ ನಮ್ಮ ಅಂಗಳದ ಅಳಿಲು ಹೆಚ್ಚಾಗಿ ಬೆನ್ನಿನ ಮೇಲೆ ಮೂರು ಬಿಳಿ ಪಟ್ಟೆ ಇರುವ ಜಾತಿ. ಬೆಳೆದಾಗ ತೂಕ ಸುಮಾರು 100 ಗ್ರಾಂ. ಒಂದು ಸೂಲಿಗೆ ಸಾಮಾನ್ಯವಾಗಿ ಎರಡೋ ಮೂರೋ ಮರಿ. ಹುಟ್ಟಿದಾಗ ಒಂದೊಂದೂ 10 ಗ್ರಾಂಗಿಂತ ಕಡಿಮೆ. ಒಂದು ಮರಿ ಸಿಕ್ಕಿದರೆ ಬಿದ್ದ ಮಡಲಿನ ಸುತ್ತ ಇನ್ನೊಂದು ಇದೆಯೇ ಎಂದು ಹುಡುಕಿಯೇ ಒಳಗೆ ಬನ್ನಿ.

ಈ 100 ಗ್ರಾಂ ಎಂಬ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಇಂಟರ್ನೆಟ್ಟಿನಲ್ಲಿ ಸಿಗುವ ಅಳಿಲು ಸಾಕಣೆಯ ಪಟ್ಟಿಗಳಲ್ಲಿ ಹೆಚ್ಚಿನವು ಅಮೆರಿಕದ ಬೂದು ಅಳಿಲಿಗಾಗಿ ಬರೆದವು. ಅದು ಬೆಳೆದಾಗ ಅರ್ಧ ಕಿಲೋ ತೂಗುವ ಪ್ರಾಣಿ, ಅದರ ಮರಿ ಕಣ್ಣು ಬಿಡುವುದೂ ಐದು ವಾರಕ್ಕೆ. ಅದರ ಮಿಲಿಲೀಟರ್ ಲೆಕ್ಕವನ್ನು ನಮ್ಮ ಚಣಿಲಿಗೆ ಹಾಕಿದರೆ ಹೊಟ್ಟೆ ಬಿರಿಯುತ್ತದೆ.

ವಯಸ್ಸನ್ನು ಕಣ್ಣಂದಾಜಿನಲ್ಲೇ ತಿಳಿಯಬಹುದು. ಮೈ ಗುಲಾಬಿ, ರೋಮವಿಲ್ಲ, ಕಿವಿ ತಲೆಗೆ ಅಂಟಿಕೊಂಡಿದೆ ಎಂದರೆ ಮೊದಲ ವಾರ. ಚರ್ಮ ಬೂದು ಬಣ್ಣಕ್ಕೆ ತಿರುಗಿ ಒಳಗಿನಿಂದ ಪಟ್ಟೆಯ ನೆರಳು ಮೂಡಿದ್ದರೆ ಎರಡನೇ ವಾರ. ವೆಲ್ವೆಟ್ಟಿನಂಥ ಗಿಡ್ಡ ರೋಮ, ಕೆಳದವಡೆಯಲ್ಲಿ ಹಲ್ಲಿನ ಮೊಳಕೆ, ಕಣ್ಣು ಇನ್ನೂ ಮುಚ್ಚಿದೆ ಎಂದರೆ ಮೂರನೇ ವಾರದ ಆಸುಪಾಸು. ಕಣ್ಣು ಬಿಟ್ಟಿದ್ದರೆ ಮೂರರಿಂದ ನಾಲ್ಕು ವಾರ ಕಳೆದಿದೆ. ಕುಳಿತುಕೊಂಡು ಮುಂಗಾಲಲ್ಲಿ ಏನನ್ನಾದರೂ ಹಿಡಿದು ಕಡಿಯುತ್ತಿದ್ದರೆ ಐದು ವಾರ ದಾಟಿದೆ.

ಪಟ್ಟೆಯ ಗುರುತೇ ಇಲ್ಲ, ಮೂತಿ ಉದ್ದ ಚೂಪಾಗಿದೆ ಎಂದರೆ ಅದು ಸೊಂಡಿಲಿಯದ್ದೋ ಇಲಿಯದ್ದೋ ಇರಬಹುದು. ಕಾರ್ಕಳ, ಹೆಬ್ರಿ, ಬೆಳ್ತಂಗಡಿಯಂಥ ಘಟ್ಟದ ಬುಡದಲ್ಲಿ ಬೆಕ್ಕಿನಷ್ಟು ಬೆಳೆಯುವ ಕೆಂಪು-ಕಪ್ಪು ದೊಡ್ಡ ಅಳಿಲಿನ ಮರಿ ಸಿಗಬಹುದು, ಕೈಕಾಲುಗಳ ನಡುವೆ ಚರ್ಮದ ಹಾಳೆ ಇರುವ ಹಾರುವ ಅಳಿಲಿನ ಮರಿಯೂ ಸಿಗಬಹುದು. ಅವನ್ನು ಬೆಚ್ಚಗಿಟ್ಟು ತಕ್ಷಣ ಅರಣ್ಯ ಇಲಾಖೆಗೆ ಒಪ್ಪಿಸಿ. ಮನೆಯಲ್ಲಿ ನೋಡಿಕೊಳ್ಳುವ ಪ್ರಾಣಿಗಳಲ್ಲ ಅವು.

ತಾಯಿ ಹತ್ತಿರದಲ್ಲೇ ಇರುತ್ತಾಳೆ

ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಮಾತು ಊರೆಲ್ಲ ಇದೆ. ಅದು ನಿಜವಲ್ಲ. ಗೂಡು ಕೆಟ್ಟ ಗಳಿಗೆಯಿಂದಲೇ ತಾಯಿ ಅಳಿಲು ಮರಿಗಳನ್ನು ಹುಡುಕುತ್ತಿರುತ್ತದೆ. ಅದಕ್ಕೆ ಆಸುಪಾಸಿನಲ್ಲಿ ಇನ್ನೊಂದು ಗೂಡು ಇರುವುದೂ ಸಾಮಾನ್ಯ. ಅದು ಹಿಂದೆ ಸರಿಯುವುದು ನಮ್ಮ ವಾಸನೆಗಲ್ಲ, ಮರದ ಬುಡದಲ್ಲಿ ಮೊಬೈಲು ಹಿಡಿದು ನಿಂತ ಆರು ಜನರಿಗೆ.

ಮರಿಗೆ ಗಾಯವಿಲ್ಲ, ಬೆಕ್ಕು ಕಚ್ಚಿಲ್ಲ ಎಂದಾದರೆ ಮೊದಲು ಅದನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ. ತಣ್ಣಗಾದ ಮರಿ ಕೂಗುವುದಿಲ್ಲ, ಕೂಗದ ಮರಿ ತಾಯಿಗೆ ಸಿಗುವುದಿಲ್ಲ. ಒಂದು ಸಣ್ಣ ಬುಟ್ಟಿ ಅಥವಾ ಅಂಚು ಮಡಚಿದ ಅಡಿಕೆ ಹಾಳೆಗೆ ಬಿದ್ದ ಗೂಡಿನ ನಾರನ್ನೇ ಹಾಸಿ. ಅದರಡಿಯಲ್ಲಿ ಬಟ್ಟೆ ಸುತ್ತಿದ ಬೆಚ್ಚನೆ ನೀರಿನ ಸಣ್ಣ ಬಾಟ್ಲಿ ಇಡಿ. ಅದೇ ಮರಕ್ಕೆ ಅಥವಾ ಪಕ್ಕದ ಮರಕ್ಕೆ ಐದಾರು ಅಡಿ ಎತ್ತರದಲ್ಲಿ ಕಟ್ಟಿ. ಮೇಲೆ ಗೆಲ್ಲಿನ ಮರೆ ಬೇಕು. ಕಾಗೆಗೂ ಕೆಂಬೂತಕ್ಕೂ ಮರಿ ಒಂದು ತುತ್ತು. ನಾಯಿ, ಬೆಕ್ಕನ್ನು ಒಳಗೆ ಕೂಡಿ ಕಿಟಕಿಯಿಂದ ನೋಡುತ್ತಿರಿ.

ತಾಯಿ ಮೊದಲು ಕಾಂಡದಲ್ಲಿ ತಲೆಕೆಳಗಾಗಿ ಬಂದು ನಿಲ್ಲುತ್ತದೆ, ಬಾಲ ಜಾಡಿಸುತ್ತದೆ, ಓಡಿಹೋಗುತ್ತದೆ, ಮತ್ತೆ ಬರುತ್ತದೆ. ಬುಟ್ಟಿಗಿಳಿದರೆ ಮರಿಯನ್ನು ಮುಂಗಾಲಲ್ಲಿ ಹೊರಳಿಸಿ ಹೊಟ್ಟೆಯ ಚರ್ಮಕ್ಕೆ ಬಾಯಿ ಹಾಕಿ ಎತ್ತುತ್ತದೆ. ಮರಿ ಅದರ ಕತ್ತಿನ ಸುತ್ತ ಕೈಕಾಲು, ಬಾಲ ಸುತ್ತಿಕೊಂಡು ಉಂಡೆಯಾಗುತ್ತದೆ. ಒಂದನ್ನು ಒಯ್ದು ಇನ್ನೊಂದಕ್ಕೆ ಮರಳಲು ಸ್ವಲ್ಪ ಹೊತ್ತು ಹಿಡಿಯಬಹುದು, ಅವಸರಪಟ್ಟು ಬುಟ್ಟಿ ಇಳಿಸಬೇಡಿ.

ಮೂರು ನಾಲ್ಕು ಗಂಟೆ ಕಾಯಬಹುದು, ನಡುವೆ ಬಾಟ್ಲಿಯ ನೀರು ಬದಲಿಸುತ್ತಾ. ಅಳಿಲು ಹಗಲಿನ ಪ್ರಾಣಿ, ಕತ್ತಲಾದ ಮೇಲೆ ಗೂಡು ಬಿಟ್ಟು ಬರುವುದಿಲ್ಲ. ಸಂಜೆ ಸಿಕ್ಕಿದ ಮರಿಯನ್ನು ರಾತ್ರಿ ಒಳಗಿಟ್ಟು ಬೆಳಿಗ್ಗೆ ಬೆಳಕು ಹರಿದೊಡನೆ ಮತ್ತೆ ಹೊರಗಿಟ್ಟು ನೋಡಬಹುದು. ಸುರಿಮಳೆಯಲ್ಲಿ ಮಾತ್ರ ಇಡಬೇಡಿ.

ನಮಗೆ ಸೆಕೆ, ಮರಿಗೆ ಚಳಿ

ಕಣ್ಣು ಬಿಡದ ಮರಿಗೆ ತನ್ನ ಮೈಯ ಶಾಖವನ್ನು ತಾನೇ ಕಾಯ್ದುಕೊಳ್ಳಲು ಬರುವುದಿಲ್ಲ. ಗೂಡಿನಲ್ಲಿ ತಾಯಿಯ ಹೊಟ್ಟೆಯೂ ಒಡಹುಟ್ಟಿದವುಗಳ ಮೈಯೂ ಅದರ ಒಲೆ. ರೋಮವಿಲ್ಲದ ಮರಿಯ ಸುತ್ತಲಿನ ಗಾಳಿ 32ರಿಂದ 35 ಡಿಗ್ರಿ ಇರಬೇಕು. ಮಳೆಗಾಲದ ರಾತ್ರಿ ಮಂಗಳೂರಿನಲ್ಲಿ 23-24 ಡಿಗ್ರಿಗೆ ಇಳಿಯುತ್ತದೆ. ಫ್ಯಾನು ಹಾಕಿಕೊಂಡು ಮಲಗುವ ನಮಗೆ ಅದು ಹಿತ, 10 ಗ್ರಾಂ ಮರಿಗೆ ಅಪಾಯ.

ತಣ್ಣಗಿರುವ ಮರಿಯನ್ನು ಮೊದಲು ಎರಡೂ ಅಂಗೈಗಳ ನಡುವೆ, ಅಥವಾ ಬಟ್ಟೆಯೊಳಗೆ ಎದೆಗೆ ತಾಗಿಸಿ, ಅರ್ಧ ಗಂಟೆ ಇಟ್ಟುಕೊಳ್ಳಿ. ಬಚ್ಚಲ ಒಲೆಯ ಮುಂದೆ ಹಿಡಿಯುವುದು, ಹೇರ್ ಡ್ರೈಯರ್ ಬೀಸುವುದು ಬೇಡ. ದಿಢೀರ್ ಶಾಖವೂ ಕೊಲ್ಲುತ್ತದೆ. ಅದರ ಹೊಟ್ಟೆಯನ್ನು ನಿಮ್ಮ ಮಣಿಕಟ್ಟಿನ ಒಳಬದಿಗೆ ತಾಗಿಸಿ ನೋಡಿ. ನಿಮ್ಮ ಚರ್ಮಕ್ಕಿಂತ ತಣ್ಣಗೆ ಅನಿಸಿದರೆ ಇನ್ನೂ ಸಾಕಾಗಿಲ್ಲ.

ಆಮೇಲೆ ಪೆಟ್ಟಿಗೆ. ಚಪ್ಪಲಿ ಬರುವ ರಟ್ಟಿನ ಪೆಟ್ಟಿಗೆ ಸಾಕು, ಮುಚ್ಚಳಕ್ಕೆ ಏಳೆಂಟು ತೂತು ಹಾಕಿ. ಒಳಗೆ ಹಳೆಯ ಪಂಚೆ ಅಥವಾ ತೆಳ್ಳನೆ ಬೈರಾಸು ಹಾಸಿ. ಟರ್ಕಿ ಟವೆಲ್ ಬೇಡ, ಅದರ ನೂಲಿನ ಕುಣಿಕೆಗೆ ಉಗುರು ಸಿಕ್ಕಿಕೊಂಡು ಕಾಲು ಮುರಿಯುತ್ತದೆ. ಬಿಡಿ ಹತ್ತಿಯೂ ಬೇಡ, ಎಳೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಮೂಗಿಗೆ ಅಂಟುತ್ತದೆ. ಬಿಸಿನೀರು ತುಂಬಿದ ಅರ್ಧ ಲೀಟರಿನ ಬಾಟ್ಲಿಯನ್ನು ಕಾಲುಚೀಲದೊಳಗೆ ತೂರಿಸಿ ಪೆಟ್ಟಿಗೆಯ ಒಂದೇ ಬದಿಗೆ ಇಡಿ. ಇನ್ನೊಂದು ಬದಿ ಖಾಲಿ ಇರಲಿ, ಹೆಚ್ಚು ಬಿಸಿಯಾದರೆ ಮರಿ ಅತ್ತ ಹರಿದು ಹೋಗುತ್ತದೆ. ಸಣ್ಣ ಬಾಟ್ಲಿ ಒಂದೂವರೆ ಎರಡು ಗಂಟೆಯಲ್ಲಿ ಆರುತ್ತದೆ. ಆರಿದ ಬಾಟ್ಲಿ ಬಾಟ್ಲಿಯೇ ಇಲ್ಲದ್ದಕ್ಕಿಂತ ಕೆಡುಕು, ಯಾಕೆಂದರೆ ಅದು ಮರಿಯ ಮೈಯ ಶಾಖವನ್ನೇ ಎಳೆದುಕೊಳ್ಳುತ್ತದೆ.

ಬಲ್ಬು ಹಾಕುವವರು ಗಮನಿಸಬೇಕಾದ್ದೊಂದಿದೆ. ಎಲ್ಇಡಿ ಬೆಳಕು ಕೊಡುತ್ತದೆ, ಶಾಖ ಕೊಡುವುದಿಲ್ಲ. ಹಳೆಯ ಮಾದರಿಯ 40 ವ್ಯಾಟ್ ಬಲ್ಬೇ ಬೇಕು. ಅದೂ ಪೆಟ್ಟಿಗೆಯ ಹೊರಗೆ, ಒಂದಡಿ ದೂರದಲ್ಲಿ, ಒಳಗೊಂದು ಥರ್ಮಾಮೀಟರ್ ಇಟ್ಟು. ಜೂನ್-ಜುಲೈ ರಾತ್ರಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದ ನಮ್ಮ ಕಡೆ, ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿಟ್ಟುಕೊಂಡು ಬಾಟ್ಲಿಯನ್ನೇ ನಂಬುವುದು ಲೇಸು.

ರೋಮ ಬಂದ ಮೇಲೆ 30 ಡಿಗ್ರಿ ಸಾಕು. ಕಣ್ಣು ಬಿಟ್ಟು ಓಡಾಡತೊಡಗಿದ ಮೇಲೆ ರಾತ್ರಿ ಹೊತ್ತು ಹೊದಿಕೆ ಇದ್ದರಾಯಿತು.

ಹಾಲಿಗಿಂತ ಮೊದಲು ಒಆರ್‌ಎಸ್

ಮೈ ತಣ್ಣಗಿದ್ದಾಗ ಕರುಳು ಕೆಲಸ ನಿಲ್ಲಿಸಿರುತ್ತದೆ. ಆಗ ಹೊಟ್ಟೆಗೆ ಹೋದ ಹಾಲು ಜೀರ್ಣವಾಗುವುದಿಲ್ಲ, ಅಲ್ಲೇ ಹುಳಿಯುತ್ತದೆ, ಗಾಳಿ ತುಂಬುತ್ತದೆ. ಮೈ ಬೆಚ್ಚಗಾದ ಮೇಲೂ ಮೊದಲು ಕೊಡಬೇಕಾದ್ದು ನೀರು ಮತ್ತು ಲವಣ. ಗಂಟೆಗಟ್ಟಲೆ ಬಿಸಿಲಲ್ಲೋ ಗಾಳಿಯಲ್ಲೋ ಬಿದ್ದಿದ್ದ ಮರಿಯ ಮೈ ಒಣಗಿರುತ್ತದೆ. ಭುಜದ ಮೇಲಿನ ಚರ್ಮವನ್ನು ಮೆಲ್ಲಗೆ ಚಿವುಟಿ ಬಿಡಿ. ತಕ್ಷಣ ಸಮನಾದರೆ ಸರಿ, ಮಡಿಕೆ ಹಾಗೇ ನಿಂತರೆ ನೀರು ಕಡಿಮೆಯಾಗಿದೆ.

ಔಷಧಿ ಅಂಗಡಿಯಲ್ಲಿ ಸಿಗುವ, ಡಬ್ಲ್ಯುಎಚ್ಒ ಸೂತ್ರ ಎಂದು ನಮೂದಿಸಿದ ಒಆರ್‌ಎಸ್ ಪುಡಿ ತನ್ನಿ. ಟೆಟ್ರಾ ಪ್ಯಾಕಿನ ಸಿಹಿ ಪಾನೀಯ ಆಗದು. ದೊಡ್ಡ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೇ ಕರಗಿಸಬೇಕು. ಮರಿ ಚಿಕ್ಕದೆಂದು ಪೊಟ್ಟಣವನ್ನು ಲೋಟಕ್ಕೆ ಸುರಿದರೆ ಉಪ್ಪು ವಿಷವಾಗುತ್ತದೆ. ಅದಕ್ಕೆ ಬೇಕಾದ್ದು ಹೆಚ್ಚೆಂದರೆ ಹತ್ತು ಮಿ.ಲೀ., ಉಳಿದದ್ದನ್ನು ಮರ ಹತ್ತಿಳಿದವರಿಗೆ ಕೊಡಿ. ಎಳನೀರು ಕೊಡಬಾರದೇ ಎಂಬ ಪ್ರಶ್ನೆ ನಮ್ಮಲ್ಲಿ ಬಂದೇ ಬರುತ್ತದೆ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಮರಿಗೆ ಬೇಕಾದ್ದು ಅದರ ತಿರುವುಮುರುವು.

ಮೊದಲ ಮೂರು ನಾಲ್ಕು ಸಲ ಬರೀ ಒಆರ್‌ಎಸ್. ಆಮೇಲೆ ಮೂರು ಪಾಲು ಒಆರ್‌ಎಸ್‌ಗೆ ಒಂದು ಪಾಲು ಹಾಲು, ಮುಂದೆ ಅರ್ಧಕ್ಕರ್ಧ, ಆಮೇಲೆ ಒಂದು ಪಾಲಿಗೆ ಮೂರು ಪಾಲು ಹಾಲು. ಹೀಗೆ ಪೂರ್ತಿ ಹಾಲಿಗೆ ಬರಲು ಒಂದು ದಿನ ಹಿಡಿಯಲಿ.

ಹಸುವಿನ ಹಾಲು ಯಾಕಾಗದು

ಹಸುವಿನ ಹಾಲು ಕರುವಿನ ಲೆಕ್ಕದ್ದು. ಅದರಲ್ಲಿ ಕೊಬ್ಬು ಶೇ 4ರಷ್ಟು, ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಶೇ 5ರ ಹತ್ತಿರ. ಅಳಿಲಿನ ಹಾಲಿನಲ್ಲಿ ಕೊಬ್ಬು ಇದರ ಕೆಲವು ಪಟ್ಟು, ಪ್ರೋಟೀನೂ ಹೆಚ್ಚು, ಸಕ್ಕರೆ ಕಡಿಮೆ. ಹಾಗಾಗಿ ಹಸುವಿನ ಹಾಲು ಕುಡಿದ ಮರಿಗೆ ಎರಡೂ ಕಡೆ ನಷ್ಟ. ಹೊಟ್ಟೆ ತುಂಬಿದರೂ ಬೇಕಾದ ಶಕ್ತಿ ಸಿಗುವುದಿಲ್ಲ, ಸಕ್ಕರೆ ಜೀರ್ಣವಾಗದೆ ಭೇದಿಯಾಗುತ್ತದೆ. ನೀರು ಬೆರೆಸಿ ತೆಳು ಮಾಡಿದರೆ ಶಕ್ತಿ ಇನ್ನೂ ಕಡಿಮೆ. ಶಿಶುಗಳ ಡಬ್ಬಿ ಹಾಲು, ಕಂಡೆನ್ಸ್ಡ್ ಮಿಲ್ಕ್, ಜೇನು, ರಾಗಿ ಸರಿ ಯಾವುದೂ ಇದಕ್ಕೆ ಬದಲಲ್ಲ.

ಸಾಕುಪ್ರಾಣಿಗಳ ಅಂಗಡಿಯಲ್ಲಿ ನಾಯಿಮರಿಗಳಿಗೆಂದೇ ಮಾರುವ ಹಾಲಿನ ಪುಡಿ ನಮಗೆ ಸಿಗುವುದರಲ್ಲಿ ಹತ್ತಿರದ್ದು. ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ, ಕುದಿಸಿ ಆರಿಸಿದ ನೀರಿಗೆ ಕಲಸಿ. ಕಲಸಿದ್ದನ್ನು ಮೂರು ನಾಲ್ಕು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಪುಡಿ ಪೂರ್ತಿ ನೆನೆದು ಗಂಟು, ನೊರೆ ಇಲ್ಲವಾಗುತ್ತದೆ, ಹೊಟ್ಟೆಯುಬ್ಬರ ಕಡಿಮೆಯಾಗುತ್ತದೆ. 24 ಗಂಟೆ ದಾಟಿದ್ದನ್ನು ಚೆಲ್ಲಿ. ಬೇಕಾದಷ್ಟನ್ನು ಮಾತ್ರ ಸಣ್ಣ ಬಟ್ಟಲಿಗೆ ತೆಗೆದು ಬಿಸಿನೀರಿನ ಲೋಟದೊಳಗೆ ಇಟ್ಟು ಬೆಚ್ಚಗೆ ಮಾಡಿಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಅಂಗಡಿ ಇಲ್ಲ ಎಂದರೆ ಬೆಳಗಿನವರೆಗೆ ಒಆರ್‌ಎಸ್‌ನಲ್ಲೇ ತಳ್ಳಬಹುದು. ಆಡಿನ ಹಾಲು ಸಿಕ್ಕಿದರೆ ಒಂದು ರಾತ್ರಿಯ ಮಟ್ಟಿಗೆ ನಡೆದೀತು, ಅದಕ್ಕಿಂತ ಹೆಚ್ಚಿಲ್ಲ.

ಎಷ್ಟು, ಯಾವಾಗ, ಹೇಗೆ

ಲೆಕ್ಕ ಸುಲಭ. ಮರಿಯ ತೂಕವನ್ನು ಗ್ರಾಂನಲ್ಲಿ ಹಿಡಿದು 20ರಿಂದ ಭಾಗಿಸಿ, ಬಂದದ್ದು ಒಂದು ಸಲಕ್ಕೆ ಎಷ್ಟು ಮಿ.ಲೀ. ಎಂಬುದು. 10 ಗ್ರಾಂ ಮರಿಗೆ ಅರ್ಧ ಮಿ.ಲೀ., 20 ಗ್ರಾಂಗೆ 1, 40 ಗ್ರಾಂಗೆ 2. ಇದು ತೂಕದ ಶೇ 5. ಇಷ್ಟೇನಾ ಎಂದು ಮರುಗಿ 10 ಗ್ರಾಂ ಮರಿಗೆ 2 ಮಿ.ಲೀ. ಕುಡಿಸಿದರೆ ಅದು 60 ಕಿಲೋ ಮನುಷ್ಯನಿಗೆ ಒಂದೇ ಉಸಿರಿಗೆ 12 ಲೀಟರ್, ಅಂದರೆ ಒಂದು ಕೊಡಪಾನ ಕುಡಿಸಿದಂತೆ.

ತೂಗಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಆಗಬಹುದು. ಆದರೆ ಅದು ಒಂದೊಂದೇ ಗ್ರಾಂ ತೋರಿಸುತ್ತದೆ, ಸಣ್ಣ ಮರಿಗೆ ಗ್ರಾಂನ ಹತ್ತನೇ ಒಂದು ಭಾಗ ತೋರಿಸುವ ಜೇಬಿನ ತಕ್ಕಡಿ ಒಳ್ಳೆಯದು. ದಿನಾ ಬೆಳಿಗ್ಗೆ ಮೊದಲ ಹಾಲಿಗೆ ಮುಂಚೆ ತೂಗಿ ಬರೆದಿಡಿ. ಎರಡು ದಿನ ತೂಕ ಏರದೆ ನಿಂತರೆ ಎಲ್ಲೋ ಏನೋ ತಪ್ಪಿದೆ.

ಗುಲಾಬಿ ಮರಿಗೆ ಹಗಲು ಎರಡು ಗಂಟೆಗೊಮ್ಮೆ, ರಾತ್ರಿ ಒಂದೆರಡು ಸಲ. ರೋಮ ಬಂದು ಕಣ್ಣು ಮುಚ್ಚಿರುವಾಗ ಮೂರು ಗಂಟೆಗೊಮ್ಮೆ, ನಡುರಾತ್ರಿ ಒಂದು ಸಲ. ಕಣ್ಣು ಬಿಟ್ಟ ಮೇಲೆ ನಾಲ್ಕು ಗಂಟೆಗೊಮ್ಮೆ, ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಆರು ವಾರದ ಹೊತ್ತಿಗೆ ದಿನಕ್ಕೆ ಮೂರು ಸಲ ಸಾಕು.

ಕುಡಿಸಲು ಸೂಜಿ ತೆಗೆದ 1 ಮಿ.ಲೀ. ಸಿರಿಂಜ್. ಮಿ.ಲೀ. ಗೆರೆ ಇರುವುದನ್ನೇ ಕೇಳಿ ತನ್ನಿ. ಇನ್ಸುಲಿನ್ ಸಿರಿಂಜಿನಲ್ಲಿ ಇರುವುದು ಯೂನಿಟ್ ಗೆರೆ, ಅದನ್ನು ಮಿ.ಲೀ. ಎಂದು ಓದಿ ಎಡವಿದವರಿದ್ದಾರೆ. ಕಣ್ಣಿಗೆ ಬಿಡುವ ಡ್ರಾಪರ್ ಬೇಡ, ಒಂದು ಹನಿ ಕೇಳಿದರೆ ಮೂರು ಬೀಳುತ್ತದೆ.

ಮರಿಯನ್ನು ಮನುಷ್ಯರ ಕೂಸಿನಂತೆ ಅಂಗಾತ ಮಲಗಿಸಿ ಕುಡಿಸಬೇಡಿ. ಇದೊಂದು ತಪ್ಪಿಗೆ ತೆತ್ತ ಮರಿಗಳು ಬಹಳ. ಬಟ್ಟೆ ಸುತ್ತಿ, ಹೊಟ್ಟೆ ಕೆಳಗೆ ಬರುವಂತೆ, ತಲೆ ಸ್ವಲ್ಪ ಮೇಲೆ ಇರುವಂತೆ ಅಂಗೈಯಲ್ಲಿ ಹಿಡಿಯಿರಿ. ಸಿರಿಂಜಿನ ತುದಿಯಲ್ಲಿ ಒಂದು ಹನಿ ಮೂಡಿಸಿ ತುಟಿಗೆ ತಾಗಿಸಿ. ಮರಿ ಮೂತಿಯನ್ನು ಅತ್ತಿತ್ತ ಆಡಿಸುತ್ತದೆ, ಮುಂಗಾಲುಗಳು ಗಾಳಿಯಲ್ಲಿ ತುಳಿಯುತ್ತವೆ, ಥಟ್ಟನೆ ತುದಿ ಸಿಕ್ಕಿದಾಗ ಇಡೀ ಮೈ ನಿಶ್ಚಲವಾಗಿ ಗಂಟಲು ಮಾತ್ರ ಮಿಡಿಯತೊಡಗುತ್ತದೆ. ಅದು ನುಂಗಿದಷ್ಟಕ್ಕೆ ಮಾತ್ರ ನಿಮ್ಮ ಹೆಬ್ಬೆರಳು ಒತ್ತಬೇಕು. ಹಸಿದ ಮರಿ ಸಿರಿಂಜನ್ನೇ ಎಳೆದುಕೊಳ್ಳುವಷ್ಟು ಜೋರಾಗಿ ಚೀಪುತ್ತದೆ, ಅದಕ್ಕೆ ಸೋಲಬೇಡಿ.

ಮೂಗಿನಿಂದ ಹಾಲಿನ ಗುಳ್ಳೆ ಬಂತೆಂದರೆ ತಕ್ಷಣ ನಿಲ್ಲಿಸಿ. ತಲೆಯನ್ನು ಕೆಳಮುಖ ಮಾಡಿ ಹಿಡಿದು ಮೂಗು, ಬಾಯಿ ಒರೆಸಿ, ಉಸಿರು ಸರಿಯಾಗುವ ತನಕ ಮತ್ತೆ ಹಾಲಿನ ಸುದ್ದಿ ಬೇಡ. ಮುಂದಿನ ಒಂದೆರಡು ದಿನ ಅದನ್ನು ಕಿವಿಯ ಹತ್ತಿರ ಹಿಡಿದು ಆಲಿಸಿ. ಉಸಿರಿನ ಜೊತೆ ಟಿಕ್ ಟಿಕ್ ಎಂಬ ಸಣ್ಣ ಸದ್ದು ಕೇಳಿದರೆ ಹಾಲು ಶ್ವಾಸಕೋಶ ಸೇರಿ ನ್ಯುಮೋನಿಯ ಆಗುತ್ತಿದೆ ಎಂದರ್ಥ. ಇದು ಪಶುವೈದ್ಯರ ಕೆಲಸ, ಮನೆಮದ್ದಿಗೆ ಬಗ್ಗುವುದಲ್ಲ.

ಉಚ್ಚೆ ಹೊಯ್ಯಿಸುವುದೂ ನಿಮ್ಮದೇ ಕೆಲಸ

ಇದು ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ. ಕಣ್ಣು ಬಿಡದ ಮರಿ ತಾನಾಗಿ ಉಚ್ಚೆ ಹೊಯ್ಯುವುದಿಲ್ಲ, ತಾಯಿ ನೆಕ್ಕಿದಾಗ ಮಾತ್ರ ಹೊಯ್ಯುತ್ತದೆ. ನೀವು ಬೆಚ್ಚನೆ ನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಬಾಲದ ಬುಡದ ಕೆಳಭಾಗವನ್ನು ಅರ್ಧ ನಿಮಿಷ ಹಗುರವಾಗಿ ತಟ್ಟುತ್ತಾ ಒರೆಸಬೇಕು. ಪ್ರತಿ ಸಲ ಹಾಲಿಗೆ ಮುಂಚೆ ಅಥವಾ ನಂತರ, ಕಣ್ಣು ಬಿಟ್ಟು ಒಂದು ವಾರದ ತನಕ ಇದು ತಪ್ಪಬಾರದು. ತಪ್ಪಿದರೆ ಮೂತ್ರಕೋಶ ತುಂಬಿಯೇ ಸಾಯುತ್ತದೆ.

ಉಚ್ಚೆ ತಿಳಿಯಾಗಿದ್ದರೆ ನೀರು ಸಾಕಾಗಿದೆ, ಕಡು ಹಳದಿಯಾದರೆ ಒಂದೆರಡು ಸಲ ಒಆರ್‌ಎಸ್ ಕೊಡಿ. ಹಿಕ್ಕೆ ಸಾಸಿವೆ ಬಣ್ಣದಲ್ಲಿ ಗಟ್ಟಿಯಾಗಿರಬೇಕು.

ಎಲ್ಲಿ ಕೆಡುತ್ತದೆ

ಹೊಟ್ಟೆ ಬಲೂನಿನಂತೆ ಬಿಗಿದಿದ್ದರೆ ಹಾಲು ನಿಲ್ಲಿಸಿ ಒಆರ್‌ಎಸ್‌ಗೆ ಮರಳಿ. ಹೊಟ್ಟೆಯ ಕೆಳಗೆ ಬೆಚ್ಚನೆ ಬಟ್ಟೆ ಹಿಡಿದು ಹಗುರವಾಗಿ ನೀವಿ. ಹೆಚ್ಚು ಹಾಲು, ತಣ್ಣಗಿನ ಹಾಲು, ಸಿರಿಂಜಿನಲ್ಲಿ ಗಾಳಿ, ಹಿಂದಿನ ಹಾಲು ಕರಗುವ ಮುಂಚೆ ಮತ್ತೆ ಹಾಲು, ಕಾರಣ ಇವುಗಳಲ್ಲೊಂದು. ಭೇದಿಗೂ ಮೊದಲ ಕೆಲಸ ಹಾಲು ನಿಲ್ಲಿಸುವುದೇ. ಅರ್ಧ ದಿನದಲ್ಲಿ ಸರಿಹೋಗದಿದ್ದರೆ ವೈದ್ಯರಲ್ಲಿಗೆ ಒಯ್ಯಿರಿ.

ಬೆಕ್ಕಿನ ಬಾಯಿಂದ ಬಿಡಿಸಿದ ಮರಿಯ ಮೈಮೇಲೆ ಗಾಯ ಕಾಣದಿದ್ದರೂ ಆ ದಿನವೇ ವೈದ್ಯರಿಗೆ ತೋರಿಸಬೇಕು. ಬೆಕ್ಕಿನ ಹಲ್ಲು ಸೂಜಿಯಂತೆ, ತೂತು ಕೂಡಿಕೊಂಡು ಒಳಗೆ ಸೋಂಕು ಉಳಿಯುತ್ತದೆ. ಸಮಯಕ್ಕೆ ಆ್ಯಂಟಿಬಯೋಟಿಕ್ ಬೀಳದಿದ್ದರೆ ಒಂದೆರಡು ದಿನದಲ್ಲಿ ಮುಗಿಯಿತು. ಮನೆಯಲ್ಲಿರುವ ಮಾತ್ರೆಗಳನ್ನು ಪುಡಿ ಮಾಡಿ ಕೊಡುವ ಸಾಹಸ ಬೇಡ.

ನೆಲದಲ್ಲಿ ಬಿದ್ದಿದ್ದ ಮರಿಗೆ ಇರುವೆ ಮುತ್ತಿದ್ದರೆ ಮೆತ್ತನೆ ಬ್ರಷ್ಷಿನಿಂದ ಒಂದೊಂದಾಗಿ ತೆಗೆಯಿರಿ. ಕಿವಿ, ಮೂಗು, ಗುದದ ಸುತ್ತ ಅಕ್ಕಿನುಚ್ಚಿನಂತೆ ಬಿಳಿ ಚುಕ್ಕೆ ಕಂಡರೆ ಅದು ನೊಣದ ಮೊಟ್ಟೆ. ಒಂದು ದಿನದೊಳಗೆ ಹುಳುವಾಗುತ್ತದೆ, ಕೂಡಲೇ ಒರೆಸಿ ತೆಗೆಯಬೇಕು.

ನಿಮ್ಮ ಕೈಯನ್ನೂ ಮುಂಚೆ, ಆಮೇಲೆ ಸಾಬೂನಿನಿಂದ ತೊಳೆಯಿರಿ. ಮರಿ ಕಚ್ಚಿ ರಕ್ತ ಬಂದರೆ ಹದಿನೈದು ನಿಮಿಷ ಹರಿಯುವ ನೀರಲ್ಲಿ ಸಾಬೂನು ಹಚ್ಚಿ ತೊಳೆದು ವೈದ್ಯರನ್ನು ಕೇಳಿ.

ಯಾರಿಗೆ ತಿಳಿಸಬೇಕು

ಅಳಿಲು ಸಾಕುಪ್ರಾಣಿಯಲ್ಲ. ಕಾಡುಪ್ರಾಣಿಯನ್ನು ಹೇಗೇ ಕೈಸೇರಿದರೂ ಇಟ್ಟುಕೊಳ್ಳುವ ಹಕ್ಕು ನಮಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಕಲಂ, ಸರ್ಕಾರದ ಸೊತ್ತೆಂದು ಎಣಿಸಿದ ಪ್ರಾಣಿ ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕೆನ್ನುತ್ತದೆ. ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ 1926. ಅಥವಾ ನಿಮ್ಮ ವಲಯ ಅರಣ್ಯಾಧಿಕಾರಿಯ ಕಚೇರಿ. ಮಂಗಳೂರಿನ ಸುತ್ತ ಇಲಾಖೆಯವರು ರಕ್ಷಿಸಿದ ಪ್ರಾಣಿಗಳು ವಾಮಂಜೂರು ಬಳಿಯ ಪಿಲಿಕುಳ ಜೈವಿಕ ಉದ್ಯಾನಕ್ಕೂ ಹೋಗುವುದುಂಟು. ಮೊದಲ ದಿನವೇ ಫೋನ್ ಮಾಡಿ, ಅವರು ಹೇಳಿದಂತೆ ಮಾಡಿ. ಅನುಭವಿಗಳ ಕೈಗೆ ಕೊಡಲು ಸಾಧ್ಯವಾದರೆ ಅದೇ ಮರಿಗೆ ಒಳ್ಳೆಯದು. ಅಲ್ಲಿಯವರೆಗಿನ ಒಂದೆರಡು ದಿನ ಮರಿಯನ್ನು ಜೀವಂತ ಉಳಿಸುವುದು ಮೇಲಿನ ಕ್ರಮ.

ಹಲ್ಲು ಗಟ್ಟಿಯಾದ ಮೇಲೆ

ಐದನೇ ವಾರದಿಂದ ಹಾಲಿನ ಜೊತೆ ತಿನ್ನುವ ವಸ್ತು ಇಡತೊಡಗಿ. ಪೇರಳೆಯ ಚೂರು, ದಾಸವಾಳದ ಮೊಗ್ಗು, ನುಗ್ಗೆ ಸೊಪ್ಪು, ಗೋಳಿ ಮರದ ಹಣ್ಣು, ರಸ್ತೆ ಬದಿಯ ಗಸಗಸೆ ಹಣ್ಣು, ಚಿಕ್ಕು. ಹೊರಗೆ ಹೋದ ಮೇಲೆ ಅದಕ್ಕೆ ಸಿಗುವುದು ಇವೇ ತಾನೇ. ಎಲೆ, ತೊಗಟೆ ಇರುವ ಹಸಿ ಗೆಲ್ಲನ್ನು ಪೆಟ್ಟಿಗೆಯೊಳಗೆ ಇಟ್ಟರೆ ಹತ್ತಲೂ ಆಯಿತು, ಕಡಿಯಲೂ ಆಯಿತು. ಅಳಿಲಿನ ಮುಂಹಲ್ಲು ಜೀವಮಾನವಿಡೀ ಬೆಳೆಯುತ್ತದೆ, ಗಟ್ಟಿ ವಸ್ತು ಕಡಿದೇ ಸವೆಯಬೇಕು.

ಇಲ್ಲಿ ಆಗುವ ದೊಡ್ಡ ತಪ್ಪು ನೆಲಗಡಲೆ ಮತ್ತು ಸೂರ್ಯಕಾಂತಿ ಬೀಜ. ಮರಿ ಅದನ್ನು ಬಿಟ್ಟು ಬೇರೇನೂ ಮುಟ್ಟುವುದಿಲ್ಲ, ಮನೆಯವರಿಗೂ ಖುಷಿ. ಆದರೆ ಈ ಬೀಜಗಳಲ್ಲಿ ರಂಜಕ ಹೆಚ್ಚು, ಸುಣ್ಣಾಂಶ ತೀರಾ ಕಡಿಮೆ. ಬೆಳೆಯುವ ದೇಹ ಕೊರತೆ ತುಂಬಿಸಲು ತನ್ನ ಎಲುಬಿನಿಂದಲೇ ಸುಣ್ಣ ಕರಗಿಸುತ್ತದೆ. ಕೆಲವು ವಾರ ಕಳೆದ ಮೇಲೆ ಒಂದು ದಿನ ಮರಿ ಹಿಂಗಾಲು ಎಳೆಯುತ್ತದೆ. ಬಿದ್ದು ಪೆಟ್ಟಾಯಿತೆಂದು ಮನೆಯವರು ತಿಳಿಯುತ್ತಾರೆ, ಎಲುಬು ಅದಾಗಲೇ ಟೊಳ್ಳಾಗಿರುತ್ತದೆ. ಮಳೆಗಾಲದಲ್ಲಿ ಬೂಸ್ಟು ಹಿಡಿದ ನೆಲಗಡಲೆಯ ವಿಷ ಬೇರೆ.

ಸುಣ್ಣಕ್ಕೆ ನಮ್ಮ ಕಡಲೇ ಇದೆ. ಪಣಂಬೂರು, ಮಲ್ಪೆಯ ಮರಳಿನಲ್ಲಿ ಅಂಗೈಯಷ್ಟು ದೊಡ್ಡ, ಹಗುರವಾದ ಬಿಳಿ ಬಿಲ್ಲೆ ಸಿಗುತ್ತದಲ್ಲ, ಬೊಂಡಾಸಿನ (ಸ್ಕ್ವಿಡ್) ಜಾತಿಯ ಕಡಲ ಜೀವಿಯ ಬೆನ್ನಿನ ಚಿಪ್ಪು, ಅದು ಬಹುಪಾಲು ಸುಣ್ಣವೇ. ತಂದು ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿ ಉಪ್ಪು ತೆಗೆದು, ಒಣಗಿಸಿ ಒಂದು ತುಂಡನ್ನು ಒಳಗೆ ಕಟ್ಟಿ. ಮರಿ ಬೇಕಾದಾಗ ಕೆರೆದು ತಿನ್ನುತ್ತದೆ. ಸುಣ್ಣ ಮೈಗೆ ಹತ್ತಲು ಬಿಸಿಲು ಬೇಕು. ಬೆಳಿಗ್ಗೆ ಅರ್ಧ ಗಂಟೆ ಎಳೆಬಿಸಿಲಿನಲ್ಲಿ ಗೂಡನ್ನು ಇಡಿ, ಅರ್ಧ ಭಾಗಕ್ಕೆ ನೆರಳಿರಲಿ. ಕಿಟಕಿಯ ಗಾಜಿನ ಹಿಂದಿನ ಬಿಸಿಲು ಲೆಕ್ಕಕ್ಕಿಲ್ಲ.

ಎಂಟನೇ ವಾರದಿಂದ ಹಾಲು ಕಡಿಮೆ ಮಾಡುತ್ತಾ ಹತ್ತನೇ ವಾರಕ್ಕೆ ನಿಲ್ಲಿಸಿ. ಈ ಹೊತ್ತಿಗೆ ಮುದ್ದು ಮಾಡುವುದನ್ನೂ ನಿಲ್ಲಿಸಬೇಕು. ಮನೆಯಲ್ಲಿ ಒಬ್ಬರೇ ಮುಟ್ಟಲಿ, ಅದೂ ಅಗತ್ಯಕ್ಕೆ ಮಾತ್ರ. ಬೆಕ್ಕಿನ ಜೊತೆ ಆಡುವ ಅಳಿಲಿನ ವೀಡಿಯೊಗೆ ಲೈಕು ಬರಬಹುದು. ಆ ಅಳಿಲು ಹೊರಗಿನ ಮೊದಲ ಬೆಕ್ಕಿನ ಹತ್ತಿರ ತಾನಾಗಿಯೇ ಹೋಗುತ್ತದೆ.

ಬಿಡುವ ಹೊತ್ತು

ಹನ್ನೆರಡು ವಾರದ ಹೊತ್ತಿಗೆ ಮರಿ ಸಿದ್ಧವಾಗುತ್ತದೆ. ದಿನದ ಲೆಕ್ಕಕ್ಕಿಂತ ನಡತೆ ನೋಡಿ. ಹಾಲು ಬಿಟ್ಟು ಎರಡು ವಾರವಾಗಿದೆಯೇ, ಸಿಪ್ಪೆ ಇರುವ ಕಾಯನ್ನು ತಾನೇ ಕೊರೆದು ತಿನ್ನುತ್ತದೆಯೇ, ನಾರು ಕೊಟ್ಟರೆ ಗೂಡು ಮಾಡುತ್ತದೆಯೇ, ಕಾಗೆ ಕೂಗಿದರೆ ಅಡಗುತ್ತದೆಯೇ, ಅಪರಿಚಿತರು ಬಂದರೆ ಓಡುತ್ತದೆಯೇ? ಕೊನೆಯದಕ್ಕೆ ಇಲ್ಲ ಎಂದಾದರೆ ಇನ್ನೂ ಕಾಯಬೇಕು.

ಬಾಗಿಲು ತೆಗೆದು ಹೋಗು ಎಂದರೆ ಆಗುವುದಿಲ್ಲ. ಅರ್ಧ ಇಂಚು ಕಣ್ಣಿನ ಜಾಲರಿ ಹಾಕಿದ, ಎರಡಡಿ ಅಗಲ, ಎರಡಡಿ ಉದ್ದ, ನಾಲ್ಕಡಿ ಎತ್ತರದ ಗೂಡನ್ನು ಮರದ ಹತ್ತಿರ, ನೆಲದಿಂದ ಮೇಲೆ ನಿಲ್ಲಿಸಿ. ಕಾಲುಗಳಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲು, ಮೇಲೆ ಮಳೆ ಬೀಳದಂತೆ ತಗಡು. ಒಳಗೆ ನಾಲ್ಕು ಸೆಂ.ಮೀ. ತೂತಿನ ಮರದ ಪೆಟ್ಟಿಗೆ ಅಥವಾ ಬಾಯಿ ಕಿರಿದಾದ ಮಣ್ಣಿನ ಮಡಕೆ ಮಲಗಿಸಿ ಕಟ್ಟಿ. ಎರಡು ವಾರ ಅಲ್ಲೇ ಇದ್ದು ಅದು ಗಾಳಿ, ಸದ್ದು, ಊರಿನ ಉಳಿದ ಅಳಿಲುಗಳ ಕೂಗಿಗೆ ಒಗ್ಗಿಕೊಳ್ಳಲಿ.

ಎಲ್ಲಿ ಎಂಬ ಪ್ರಶ್ನೆಗೆ ಕೆಲವರು ಕುದುರೆಮುಖವನ್ನೋ ಚಾರ್ಮಾಡಿಯನ್ನೋ ಹೇಳುತ್ತಾರೆ. ಕಾಡುಪ್ರಾಣಿ ಎಂದಮಾತ್ರಕ್ಕೆ ದಟ್ಟ ಕಾಡಿಗೆ ಬಿಡುವುದಲ್ಲ. ಇದು ತೋಟ, ಹಿತ್ತಲು, ರಸ್ತೆಬದಿಯ ಮರಗಳ ಪ್ರಾಣಿ. ಸಿಕ್ಕಿದ ಜಾಗದ ಆಸುಪಾಸಿನಲ್ಲೇ, ಅದೇ ಜಾತಿಯ ಅಳಿಲು ಓಡಾಡುವಲ್ಲಿ, ಬೆಕ್ಕಿನ ಕಾಟ ಕಡಿಮೆ ಇರುವಲ್ಲಿ ಬಿಡಬೇಕು. ಮೇ ಕೊನೆಗೆ ಬಿದ್ದ ಎಳೆಮರಿ ಸಿದ್ಧವಾಗುವಾಗ ಆಗಸ್ಟ್. ಜಡಿಮಳೆಯಲ್ಲಿ ಬಿಟ್ಟರೆ ಮೊದಲ ರಾತ್ರಿಯೇ ಒದ್ದೆಯಾಗಿ ಚಳಿ ಹಿಡಿಯುತ್ತದೆ. ಎರಡು ಮೂರು ದಿನದ ಹೊಳವು ಕಂಡು, ಬೆಳಿಗ್ಗೆ ಎಂಟರ ಹೊತ್ತಿಗೆ ತಿನ್ನಲು ಕೊಟ್ಟು ಬಾಗಿಲು ತೆರೆದಿಡಿ.

ಕೆಲವು ಮರಿಗಳು ಹತ್ತು ನಿಮಿಷದಲ್ಲಿ ಮರದ ತುದಿಯಲ್ಲಿರುತ್ತವೆ, ಕೆಲವು ಮೂರು ದಿನ ಹೊರಗೇ ಬರುವುದಿಲ್ಲ. ಸಂಜೆ ಮರಳಿ ಪೆಟ್ಟಿಗೆಯಲ್ಲೇ ಮಲಗುವುದೂ ಇದೆ. ಬಾಗಿಲು ಮುಚ್ಚಬೇಡಿ, ಎರಡು ವಾರ ಅಲ್ಲೇ ತಿನ್ನಲು ಇಟ್ಟು ದಿನದಿಂದ ದಿನಕ್ಕೆ ಕಡಿಮೆ ಮಾಡಿ. ಇಟ್ಟದ್ದು ಹಾಗೇ ಉಳಿಯತೊಡಗಿದ ಮೇಲೆ ಜಾಲರಿ ಗೂಡು ತೆಗೆಯಬಹುದು. ಮರದ ಪೆಟ್ಟಿಗೆಯನ್ನು ಮಾತ್ರ ಕಾಂಡಕ್ಕೇ ಕಟ್ಟಿಟ್ಟಿರಿ, ಮುಂದಿನ ಮಡಲು ಇಳಿಸುವ ಹೊತ್ತಿಗೆ ಬೇರೊಂದು ತಾಯಿ ಅದರಲ್ಲಿ ನಾರು ತುಂಬಿಸಿರಲೂಬಹುದು. ಆಗ ಮರ ಹತ್ತುವವರಿಗೆ ಮೊದಲೇ ಹೇಳಿಡಿ.